ತೂತನ್ನು ನಂಬದ ಕ್ರಾಟ್ಜರ್ ಮೇಷ್ಟ್ರು

ಎಲ್ವುಡ್ ಕ್ರಾಟ್ಜರ್ ಯಾವ ಶಾಲೆಯಲ್ಲೂ ಮೇಷ್ಟ್ರಾಗಿದ್ದವರಲ್ಲ. ಆದರೂ ಹೆಮ್ಲಾಕ್ ರನ್ ಊರಿನಲ್ಲಿ ಚಿಕ್ಕವರು ದೊಡ್ಡವರೆಲ್ಲ ಅವರನ್ನು ಕರೆಯುತ್ತಿದ್ದುದು ಮೇಷ್ಟ್ರು ಅಂತಲೇ. ಪೆನ್ಸಿಲ್ವೇನಿಯದ ಬಡಗಣ ಬೆಟ್ಟಗಳಲ್ಲಿ ಮರ ಕಡಿದು ಮುಗಿದ ಮೇಲೆ ಸಾಯಬೇಕಾಗಿದ್ದ ಊರು ಅದು. ವಾರ್ಡೆಲ್ ಕಂಪನಿ ಬಂದು ಹೊಳೆ ದಂಡೆಯಲ್ಲಿ ವಾಲ್ವ್ ಕಾರ್ಖಾನೆ ಹಾಕಿದ್ದರಿಂದ ಮತ್ತೆ ಉಸಿರಾಡತೊಡಗಿತು. ಹಳೆಯ ರೇಡಿಯೊದ ಬೆನ್ನು ಬಿಚ್ಚಿದರೆ ಒಳಗೆ ಕೆಂಡದ ಹಾಗೆ ಉರಿಯುತ್ತ ಕೂತಿರುತ್ತಿದ್ದ ಗಾಜಿನ ಬುರುಡೆಗಳನ್ನು ನೀವು ಕಂಡಿದ್ದರೆ, ಅವೇ ವಾಲ್ವುಗಳು. ಅಂಥವನ್ನು ಆ ಊರಿನ ಹೆಂಗಸರು ಕೈಯಿಂದ ಜೋಡಿಸುತ್ತಿದ್ದರು. ಕೂದಲೆಳೆಯಂಥ ತಂತಿಯನ್ನು ಚಿಮಟದಲ್ಲಿ ಹಿಡಿದು ಸುತ್ತುವ ಕೆಲಸಕ್ಕೆ ಗಂಡಸರ ಬೆರಳು ಬಗ್ಗುತ್ತಿರಲಿಲ್ಲ.

ಮೇಷ್ಟ್ರು ಮೀಸೆ ಮೂಡುವ ವಯಸ್ಸಿನಲ್ಲಿ ಗಾಜು ಕಾಯಿಸುವ ಒಲೆಯ ಮುಂದೆ ನಿಂತವರು. ಅಂಚೆಯಲ್ಲಿ ಪಾಠ ತರಿಸಿ ಓದಿದರು. ನಲವತ್ತು ಮುಟ್ಟುವ ಹೊತ್ತಿಗೆ ಹೊಸ ವಾಲ್ವು ರೂಪಿಸುವ ವಿಭಾಗಕ್ಕೆ ಅವರೇ ಯಜಮಾನರು. ಮಂಗಳವಾರ ಸಂಜೆ, ಬೆಂಕಿ ಆರಿಸುವವರ ಕಟ್ಟಡದ ಮಹಡಿಯಲ್ಲಿ, ಕಾರ್ಖಾನೆಯ ಕೆಲಸಗಾರರಿಗೆಲ್ಲ ಪಾಠ ಹೇಳುತ್ತಿದ್ದರು. ಬಂದವರು ಬೇಸರದಿಂದ ಎದ್ದುಹೋದದ್ದನ್ನು ಯಾರೂ ಕಂಡಿಲ್ಲ.

"ಈ ಬುರುಡೆ ಒಳಗೆ ಏನಿದೆ ಹೇಳಿ ನೋಡೋಣ. ಏನೂ ಇಲ್ಲ. ಗಾಳಿನೂ ಇಲ್ಲ. ಅದಕ್ಕೇ ಎಲೆಕ್ಟ್ರಾನು ಯಾರ ಮೈಗೂ ತಾಗದೆ ಓಡುತ್ತೆ. ತಂತಿ ಕಾಯ್ತು ಅನ್ನಿ, ಹಾಲುಕ್ಕಿದ ಹಾಗೆ ಉಕ್ಕಿ ಬರುತ್ತೆ. ಮಧ್ಯದಲ್ಲಿ ಜಾಲರಿ. ಅದು ಬಾಗಿಲು ಕಾಯೋನು. ಹೋಗು ಅಂದ್ರೆ ಹೋಗ್ಬೇಕು, ನಿಲ್ಲು ಅಂದ್ರೆ ನಿಲ್ಬೇಕು. ಇಷ್ಟೇ ಕಣ್ರಯ್ಯ. ರೇಡಿಯೊನೂ ಇದೇ, ರೇಡಾರೂ ಇದೇ, ದೂರದ ಫೋನೂ ಇದೇ."

ಅವರಿಗೆ ಅದು ಬರೀ ಪಾಠವಾಗಿರಲಿಲ್ಲ, ಜಗತ್ತು ನಿಂತಿದ್ದ ರೀತಿ. ಉರಿಯ ಬಣ್ಣ ನೋಡಿ ಒಳಗೆ ಗಾಳಿ ಸೇರಿದೆಯೋ ಇಲ್ಲವೋ ಹೇಳುತ್ತಿದ್ದರು. ಕಣ್ಣಿಗೆ ಕಾಣುತ್ತದೆ, ಬೆರಳಿಟ್ಟು ತೋರಿಸಬಹುದು, ಆದ್ದರಿಂದ ನಿಜ. ಎರಡನೇ ಮಹಾಯುದ್ಧದ ಕಾಲದಲ್ಲಿ ಫಿರಂಗಿ ಗುಂಡಿನೊಳಗೆ ಕೂತು ಹಾರಿದರೂ ಒಡೆಯದ ಪುಟ್ಟ ವಾಲ್ವನ್ನು ಈ ಊರೇ ಮಾಡಿಕೊಟ್ಟಿತು. ಸೈನ್ಯದವರು ಬಂದು ಬ್ಯಾಂಡು ಬಾರಿಸಿ ಕಾರ್ಖಾನೆಯ ಕಂಬಕ್ಕೆ ಮೆಚ್ಚುಗೆಯ ಬಾವುಟ ಏರಿಸಿಹೋದರು. ಆಮೇಲೆ ಮೇಷ್ಟ್ರ ಮಾತೆಂದರೆ ಕಲ್ಲಿನ ಮೇಲೆ ಬರೆದ ಹಾಗೆ.

ಅವರ ಶಿಷ್ಯರಲ್ಲೆಲ್ಲ ಚುರುಕಾದವನು ಸ್ಟಾಶ್ ವೊಜ್ನಾರ್ ಎಂಬ ಪೋಲಿಷ್ ಮನೆಯ ಹುಡುಗ. ಯುದ್ಧಕ್ಕೆ ಹೋಗಿ ಬಂದು, ಸರ್ಕಾರದ ಖರ್ಚಿನಲ್ಲಿ ಕಾಲೇಜು ಓದಿ, ಭೌತಶಾಸ್ತ್ರದಲ್ಲಿ ಡಾಕ್ಟರ್ ಆಗಿ ಮತ್ತೆ ಇದೇ ಕಾರ್ಖಾನೆಗೆ ಬಂದ. ಬಂದವನೇ ಒಂದು ಮಂಗಳವಾರ ಜೇಬಿನಿಂದ ನೊಣದಷ್ಟು ದೊಡ್ಡ ವಸ್ತುವೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಮೂರು ಕಾಲು, ನಡುವೆ ಒಂದು ಕಪ್ಪು ಉಂಡೆ.

"ಮೇಷ್ಟ್ರೇ, ಇದು ಟ್ರಾನ್ಸಿಸ್ಟರ್. ವಾಲ್ವ್ ಮಾಡೋ ಕೆಲಸ ಮಾಡುತ್ತೆ. ಉರಿ ಬೇಡ, ಗಾಜು ಬೇಡ, ಒಳಗೆ ಗಾಳಿಯಿಲ್ಲದ ಬಯಲೂ ಬೇಡ."

ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದರು. "ಬಯಲಿಲ್ದೆ ಎಲೆಕ್ಟ್ರಾನು ಓಡೋದೆಲ್ಲಿ?"

"ಗಟ್ಟಿ ಹರಳಿನ ಒಳಗೇ. ಎಲೆಕ್ಟ್ರಾನೂ ಓಡುತ್ತೆ, ತೂತೂ ಓಡುತ್ತೆ."

"ಏನು ಓಡುತ್ತೆ?"

"ತೂತು. ಎಲೆಕ್ಟ್ರಾನು ಇರಬೇಕಾದ ಜಾಗ ಖಾಲಿ ಬಿದ್ದಿರುತ್ತಲ್ಲ, ಅದು. ಸಿನಿಮಾ ಮಂದಿರದಲ್ಲಿ ಒಂದು ಸೀಟು ಖಾಲಿ ಇದೆ ಅಂತ ಇಟ್ಕೊಳ್ಳಿ. ಪಕ್ಕದವನು ಅಲ್ಲಿಗೆ ಸರಿದ, ಅವನ ಪಕ್ಕದವನು ಇವನ ಸೀಟಿಗೆ ಬಂದ. ಜನ ಈ ಕಡೆ ಸರಿದ್ರೆ ಖಾಲಿ ಸೀಟು ಆ ಕಡೆ ಹೋಯ್ತು."

"ಆ ಖಾಲಿ ಸೀಟಿಗೆ ಟಿಕೆಟ್ ಯಾರು ತಗೊಂಡ್ರು?" ಅಂದರು ಮೇಷ್ಟ್ರು. ಮಹಡಿ ತುಂಬ ನಗು.

ಹಿಂದಿನ ಬೆಂಚಿನಿಂದ ಫಿಲೊಮೆನಾ ಬೆವಿಲಾಕ್ವಾ ದನಿ ತೆಗೆದಳು. ಜಾಲರಿ ಸುತ್ತುವ ಸಾಲಿನಲ್ಲಿ ಅವಳಷ್ಟು ಹಳಬಳು ಇನ್ನೊಬ್ಬಳಿರಲಿಲ್ಲ. "ಅಲ್ಲಪ್ಪಾ ಸ್ಟಾಶ್, ನಾನು ಡೋನಟ್ ತಿಂದ್ಮೇಲೆ ಅದರ ತೂತು ಎಲ್ಲಿಗೆ ಓಡಿಹೋಗುತ್ತೆ? ಅಷ್ಟು ಹೇಳಿಬಿಡು, ನಾನೂ ಡಾಕ್ಟರ್ ಆಗ್ತೀನಿ."

ಸ್ಟಾಶ್ ಕೂಡ ನಕ್ಕ. ಆದರೆ ಕಿವಿ ಕೆಂಪಾಗಿತ್ತು. ಮೇಷ್ಟ್ರು ಅವನ ಬೆನ್ನು ತಟ್ಟಿ, "ಲೆಕ್ಕಕ್ಕೆ ಅನುಕೂಲ ಅಂತ ಏನಾದ್ರೂ ಬರ್ಕೊಳಪ್ಪಾ, ಬೇಡ ಅನ್ನಲ್ಲ. ಆದ್ರೆ ಇಲ್ಲದ್ದು ನಡೆಯುತ್ತೆ ಅಂತ ನನ್ನ ಹತ್ರ ಹೇಳ್ಬೇಡ" ಅಂದರು.

ಅಲ್ಲಿಗೆ ನಿಂತಿದ್ದರೆ ಒಂದು ಹಾಸ್ಯವಾಗಿ ಮುಗಿಯುತ್ತಿತ್ತು. ಮುಂದಿನ ವರ್ಷ ಕಂಪನಿಯ ಒಡೆಯರು ನ್ಯೂಯಾರ್ಕಿನಿಂದ ಬಂದರು. ಹೆಮ್ಲಾಕ್ ರನ್‌ನಲ್ಲಿ ಹೊಸ ಕಟ್ಟಡ ಎಬ್ಬಿಸಬೇಕು. ಅದರಲ್ಲಿ ಇನ್ನಷ್ಟು ವಾಲ್ವ್ ಮಾಡುವುದೋ, ಟ್ರಾನ್ಸಿಸ್ಟರ್ ಶುರು ಮಾಡುವುದೋ? ಎರಡಕ್ಕೂ ಕೈ ಹಾಕುವಷ್ಟು ಕಸುವಿಲ್ಲ. "ಕ್ರಾಟ್ಜರ್ ಏನನ್ನುತ್ತಾರೋ ಹಾಗೇ ಆಗಲಿ" ಎಂದು ಅವರು ತೀರ್ಮಾನವನ್ನು ಮೇಷ್ಟ್ರ ಹೆಗಲಿಗೆ ಹಾಕಿದರು.

ಮೇಷ್ಟ್ರು ಮೋಸ ಮಾಡಲಿಲ್ಲ. ಚಳಿಗಾಲವಿಡೀ ಪ್ರಾಮಾಣಿಕವಾಗಿ ಪರೀಕ್ಷೆ ಮಾಡಿದರು. ಕಾಯಿಸಿದರೆ ಟ್ರಾನ್ಸಿಸ್ಟರ್ ಸತ್ತುಹೋಗುತ್ತಿತ್ತು. ರೇಡಿಯೊಗೆ ಹಾಕಿ ಕೇಳಿದರೆ ಬಾಣಲೆಯಲ್ಲಿ ಕೊಬ್ಬು ಸಿಡಿದ ಹಾಗೆ ಚರಚರ. ಒಂದೇ ಬುಟ್ಟಿಯಿಂದ ತೆಗೆದ ಎರಡು ಒಂದೇ ರೀತಿ ನಡೆದುಕೊಳ್ಳುತ್ತಿರಲಿಲ್ಲ. ಎಲ್ಲವನ್ನೂ ಅಳೆದು ತೂಗಿ ಅವರು ಸಭೆಯಲ್ಲಿ ಎದ್ದು ನಿಂತು, ವಾಲ್ವೇ ಇರಲಿ ಅಂದರು. ಸ್ಟಾಶ್ ಎದುರಿಗೆ ಕೂತಿದ್ದ.

"ಮೇಷ್ಟ್ರೇ, ನೀವು ಅದನ್ನ ಕೆಟ್ಟ ವಾಲ್ವು ಅಂತ ನೋಡ್ತಿದ್ದೀರಿ. ಅದು ವಾಲ್ವೇ ಅಲ್ಲ. ನೀವು ಕೇಳಿದ ಪ್ರಶ್ನೆಗಳೆಲ್ಲ ವಾಲ್ವಿನವು."

"ವಾಲ್ವಿನ ಕೆಲಸ ಮಾಡುತ್ತೆ ಅಂತ ತಂದೋನು ನೀನು. ವಾಲ್ವಿನ ಜೊತೆ ತೂಗದೆ ಕುಂಬಳಕಾಯಿ ಜೊತೆ ತೂಗಲಾ?"

"ಇವತ್ತಿನ ಕೆಲಸಕ್ಕಲ್ಲ ಮೇಷ್ಟ್ರೇ. ಅದಕ್ಕೆ ತಕ್ಕ ಕೆಲಸಗಳೇ ಇನ್ನೂ ಹುಟ್ಟಿಲ್ಲ."

"ಹಾಗಾದ್ರೆ ಕೂಸು ಹುಟ್ಟಲಿ, ಆಮೇಲೆ ಕುಲಾವಿ ಹೊಲಿಯೋಣ."

ಒಡೆಯರು ನಕ್ಕರು. ವಾಲ್ವಿಗೇ ಹೊಸ ಕಟ್ಟಡ ಎಂದಾಯಿತು. ಸ್ಟಾಶ್ ವಸಂತದಲ್ಲಿ ಊರು ಬಿಟ್ಟು ಮ್ಯಾಸಚೂಸೆಟ್ಸಿಗೆ ಹೊರಟ. ಹೋಗುವ ಮುಂಚೆ ಮನೆಗೆ ಬಂದು ಮೇಷ್ಟ್ರ ಹೆಂಡತಿ ಅರ್ಲೀನ್ ಮಾಡಿದ ಕೋಳಿ ಪಾಟ್‌ಪೈ ಉಂಡ. ಇಬ್ಬರೂ ಮೀನು ಹಿಡಿಯುವ ಮಾತಾಡಿದರು, ಬೇರೆ ಮಾತೆತ್ತಲಿಲ್ಲ.

ಆಮೇಲೆ ಬಂದ ವರ್ಷಗಳು ಊರಿಗೆ ಸುಗ್ಗಿ. ದೇಶದ ಮನೆಮನೆಗೂ ಟೆಲಿವಿಷನ್ ನುಗ್ಗಿತು, ಒಂದೊಂದರ ಹೊಟ್ಟೆಯಲ್ಲೂ ಹಿಡಿ ತುಂಬ ವಾಲ್ವು. ಮೇಷ್ಟ್ರು ಬೆರಳಿನ ತುದಿಯಷ್ಟು ಚಿಕ್ಕದಾದ, ಪಿಂಗಾಣಿಯ ಕವಚದ, ಇಡೀ ಬದುಕಿನಲ್ಲೇ ಮಾಡಿರದಷ್ಟು ಚೆಂದದ ಒಂದು ವಾಲ್ವನ್ನು ರೂಪಿಸಿದರು. ಅದು ಸುಲಭಕ್ಕೆ ಕಾಯದು, ಕೆಡದು, ಅಲುಗಾಡಿಸಿದರೂ ಜಗ್ಗದು. ಅದಕ್ಕಿಂತ ಒಳ್ಳೆಯ ವಾಲ್ವನ್ನು ಯಾರೂ ಮಾಡಿರಲಿಲ್ಲ. ಮುಂದೆ ಯಾರಿಗೂ ಮಾಡುವ ಅಗತ್ಯವೂ ಬೀಳಲಿಲ್ಲ.

ಆ ಸುಗ್ಗಿಯಲ್ಲೇ ಒಂದು ಭಾನುವಾರ ಚರ್ಚು ಬಿಟ್ಟ ಮೇಲೆ ಫಿಲೊಮೆನಾ ಅಂಚೆ ಕಚೇರಿಯ ಮುಂದೆ ಮೇಷ್ಟ್ರನ್ನು ತಡೆದು ನಿಲ್ಲಿಸಿದಳು. ಜೊತೆಯಲ್ಲಿ ಮಗಳು ಆಸುಂತಾ. ಶಾಲೆ ಮುಗಿಸಿದ, ಕಣ್ಣು ಕೆಳಗೆ ಹಾಕಿ ನಿಲ್ಲುವ ಹುಡುಗಿ.

"ಮೇಷ್ಟ್ರೇ, ಇವಳಿಗೆ ಬಫಲೊದಲ್ಲಿ ನರ್ಸಿಂಗ್ ಕಲಿಯೋಕೆ ಸೀಟು ಸಿಕ್ಕಿದೆ. ಮೂರು ವರ್ಷ ಓದ್ಬೇಕು. ಇಲ್ಲಿ ನನ್ನ ಸಾಲಿನಲ್ಲೇ ಕೆಲಸ ಇದೆ, ನಾಳೆನೇ ಬಾ ಅಂತಾರೆ. ಏನು ಮಾಡ್ಲಿ?"

"ನಿನಗೇನು ಅನ್ಸುತ್ತೆ ಮಗಳೇ?" ಎಂದು ಮೇಷ್ಟ್ರು ಹುಡುಗಿಯನ್ನು ಕೇಳಿದರು.

"ನನಗೆ ಬಫಲೊ ಇಷ್ಟ" ಅಂದಳು ಆಸುಂತಾ, ನೆಲ ನೋಡುತ್ತ.

"ಅವಳಿಗೆ ಊರು ನೋಡೋ ಚಪಲ" ಎಂದಳು ತಾಯಿ. "ಈ ಸಾಲು ಇರುತ್ತೋ ಇಲ್ವೋ, ಅಷ್ಟು ಹೇಳಿ ನೀವು. ಪೇಪರಿನೋರು ಏನೇನೋ ಬರೀತಾರೆ."

"ಪೇಪರಿನೋರಿಗೆ ವಾಲ್ವು ಯಾವುದು ಉಪ್ಪಿನಕಾಯಿ ಭರಣಿ ಯಾವುದು ಗೊತ್ತಿಲ್ಲ ಬಿಡು. ಈ ಸಾಲು ಇವಳ ಮಕ್ಕಳ ಕಾಲಕ್ಕೂ ಇರುತ್ತೆ."

ಮರುದಿನ ಆಸುಂತಾ ತಾಯಿಯ ಪಕ್ಕದ ಸ್ಟೂಲಿನ ಮೇಲೆ ಕೂತಳು.

ವಾಲ್ವಿನ ವ್ಯಾಪಾರ ಬಿದ್ದದ್ದು ಒಮ್ಮೆಲೇ ಅಲ್ಲ. ಮೊದಲು ಕಿವುಡರು ಕಿವಿಗೆ ಹಾಕುವ ಯಂತ್ರಗಳು ಟ್ರಾನ್ಸಿಸ್ಟರಿಗೆ ಹೋದವು. ಅಷ್ಟು ಹೋದರೆ ಹೋಗಲಿ ಅಂದರು. ಆಮೇಲೆ ಕೈಯಲ್ಲಿ ಹಿಡಿಯುವ ರೇಡಿಯೊ ಜಪಾನಿನಿಂದ ಬಂತು. ಆಟಿಕೆ ಅಂದರು. ಬ್ಯಾಂಕು, ವಿಮಾ ಕಚೇರಿಗಳ ಲೆಕ್ಕದ ಯಂತ್ರಗಳು ಹೋದ ದಿನ ಯಾರೂ ಏನೂ ಅನ್ನಲಿಲ್ಲ. ಆ ಯಂತ್ರಗಳಲ್ಲಿ ಸಾವಿರಾರು ವಾಲ್ವು ಒಟ್ಟಿಗೆ ಉರಿದು, ದಿನಕ್ಕೊಂದು ಸತ್ತು, ಕೋಣೆಯೇ ಒಲೆಯಾಗುತ್ತಿತ್ತು. ಟ್ರಾನ್ಸಿಸ್ಟರ್ ಹಾಕಿದ ಮೇಲೆ ಅವು ಬೀರುವಿನಷ್ಟಾದವು. ಅವುಗಳ ಕೈಲಿ ಯಾರೂ ನೆನೆಸದಿದ್ದ ಕೆಲಸಗಳನ್ನು ಮಾಡಿಸತೊಡಗಿದರು. ಸ್ಟಾಶ್ ಹೇಳಿದ್ದ ಹುಟ್ಟದ ಕೂಸುಗಳು ಒಂದೊಂದಾಗಿ ಹುಟ್ಟಿದವು. ಒಂದಕ್ಕೂ ವಾಲ್ವು ಬೇಕಿರಲಿಲ್ಲ.

ಮೇಷ್ಟ್ರು ಹಟಮಾರಿಯಾಗಿದ್ದರೆ ಅವರ ಕತೆ ಹೇಳುವುದು ಸುಲಭವಾಗುತ್ತಿತ್ತು. ಅವರು ಕಲಿಯಲು ಹೊರಟರು. ಐವತ್ತೈದು ದಾಟಿದ ಮೇಲೆ, ಗುರುವಾರದ ಸಂಜೆಗಳಲ್ಲಿ ಬೆಟ್ಟ ಇಳಿದು ದೂರದ ಕಾಲೇಜಿಗೆ ಹೋಗಿ ಹುಡುಗರ ನಡುವೆ ಕೂತರು. ಲೆಕ್ಕ ಬಂತು. ಪರೀಕ್ಷೆಯಲ್ಲಿ ಒಳ್ಳೆಯ ಅಂಕವೂ ಬಂತು. ಆದರೆ ಕಣ್ಣು ಮುಚ್ಚಿದರೆ ಕಾಣುತ್ತಿದ್ದುದು ಅದೇ ಬಯಲು, ಅದೇ ಕಾದ ತಂತಿ, ಬಾಗಿಲು ಕಾಯುವ ಅದೇ ಜಾಲರಿ. ತೂತು ಕಾಗದದ ಮೇಲೆ ನಡೆಯುತ್ತಿತ್ತು, ಅವರೊಳಗೆ ನಡೆಯುತ್ತಿರಲಿಲ್ಲ. ಪಕ್ಕದ ಹುಡುಗನಿಗೆ ಹತ್ತೊಂಬತ್ತೋ ಇಪ್ಪತ್ತೋ. ಅವನು ವಾಲ್ವನ್ನೇ ಕಂಡವನಲ್ಲ. ತೂತಿನ ವಿಷಯ ಬಂದಾಗ ಸಾರಿಗೆ ಉಪ್ಪು ಹಾಕುವುದು ಗೊತ್ತಿದ್ದ ಹಾಗೆ ತಲೆಯಾಡಿಸುತ್ತಿದ್ದ.

"ಇದು ನಿಜ ಅಂತ ನಿನಗೆ ಹ್ಯಾಗೆ ಅನ್ಸುತ್ತಪ್ಪಾ?" ಎಂದು ಮೇಷ್ಟ್ರು ಅವನನ್ನು ಒಮ್ಮೆ ಕೇಳಿದರು.

"ಯಾವುದು ಸರ್?"

"ಈ ತೂತು."

ಹುಡುಗನಿಗೆ ಪ್ರಶ್ನೆಯೇ ತಿಳಿಯಲಿಲ್ಲ. "ಅನ್ಸೋದೇನು ಸರ್, ಇದೆಯಲ್ಲ" ಅಂದ.

ಮನೆಗೆ ಬಂದು ಮೇಷ್ಟ್ರು ಅರ್ಲೀನಳಿಗೆ ಅಂದರು: "ಹೊಸ ಭಾಷೆ ಕಲಿತೆ ಕಣೇ. ವ್ಯಾಕರಣ ತಪ್ಪಿಲ್ಲದೆ ಮಾತಾಡ್ತೀನಿ. ಒಂದು ಕನಸು ಮಾತ್ರ ಆ ಭಾಷೆಯಲ್ಲಿ ಬೀಳಲ್ಲ."

ಹೊಸ ಕಟ್ಟಡದ ಅರ್ಧಕ್ಕೆ ಬೀಗ ಬಿದ್ದ ವರ್ಷ ಅವರು ಸ್ಟಾಶನನ್ನು ಕಾಣಲು ಮ್ಯಾಸಚೂಸೆಟ್ಸಿಗೆ ಹೋದರು. ಕಾರಣ ಯಾರಿಗೂ ಹೇಳಲಿಲ್ಲ. ಬೈಸಿಕೊಳ್ಳಲು ಹೋದರು ಅಂತ ಅರ್ಲೀನ್ ಆಮೇಲೆ ಅಂದದ್ದುಂಟು. ಬೈಗುಳ ತಿಂದರೆ ತಪ್ಪು ಎಲ್ಲಿತ್ತು ಅಂತ ಗೊತ್ತಾಗುತ್ತದೆ; ಗೊತ್ತಾದ ತಪ್ಪನ್ನು ಹೊತ್ತುಕೊಂಡು ಬದುಕಬಹುದು.

ಸ್ಟಾಶನ ಕೂದಲು ಹಣೆಯಿಂದ ಹಿಂದೆ ಸರಿದಿತ್ತು. ಅವನು ಪ್ರೀತಿಯಿಂದಲೇ ಕಾರ್ಖಾನೆ ತೋರಿಸಿ, ಊಟದ ಕೋಣೆಯಲ್ಲಿ ಬಟಾಣಿ ಸೂಪು ತರಿಸಿದ.

"ಆವತ್ತು ನಾನು ಏನು ನೋಡದೆ ಹೋದೆ ಸ್ಟಾಶ್? ಮುಚ್ಚಿಡ್ಬೇಡ."

ಸ್ಟಾಶ್ ಚಮಚ ಕೆಳಗಿಟ್ಟ. "ಏನನ್ನೂ ನೋಡದೆ ಹೋಗ್ಲಿಲ್ಲ ಮೇಷ್ಟ್ರೇ. ನಿಮ್ಮ ಅಳತೆ ಎಲ್ಲ ಸರಿ ಇತ್ತು. ಆವತ್ತು ಅದು ನಿಜವಾಗ್ಲೂ ದರಿದ್ರ ವಸ್ತುನೇ. ಆ ಸಭೆಯಲ್ಲಿ ಲೆಕ್ಕ ಇಲ್ದೆ ಮಾತಾಡಿದೋನು ನಾನು. ನನ್ನ ಹತ್ರ ಸಾಕ್ಷಿ ಇರ್ಲಿಲ್ಲ, ಬರೀ ನಂಬಿಕೆ ಇತ್ತು."

"ಹಾಗಾದ್ರೆ ನಾನು ಬೇರೆ ಏನು ಮಾಡ್ಬೇಕಿತ್ತು?"

"ಗೊತ್ತಿಲ್ಲ."

ಸ್ಟಾಶ್ ಕಿಟಕಿಯಾಚೆಯ ಇನ್ನೊಂದು ಕಟ್ಟಡದ ಕಡೆ ಗಲ್ಲ ತೋರಿಸಿದ. "ಅಲ್ಲಿ ಹೊಸ ಹುಡುಗರಿದ್ದಾರೆ. ಒಂದು ಚೂರು ಸಿಲಿಕಾನಿನ ಮೇಲೆ ಇಡೀ ಸರ್ಕೀಟನ್ನೇ ಅಚ್ಚು ಹೊಡೀತಾರೆ. ನಾನು ಕಲಿತದ್ದು ಜರ್ಮೇನಿಯಂ, ಒಂದೊಂದಾಗಿ ಕೈಯಲ್ಲಿ ಬೆಸೆಯೋ ಕಾಲದ್ದು. ಹೋದ ತಿಂಗಳು ಸಭೆಯಲ್ಲಿ ಅವರಿಗೆ ನೂರು ತಪ್ಪು ತೋರಿಸಿದೆ. ನೂರೂ ನಿಜ. ಅವರು ಏನಂದ್ರು ಗೊತ್ತಾ? ಡಾಕ್ಟರ್ ವೊಜ್ನಾರ್, ಈ ಪ್ರಶ್ನೆಗಳು ನಿಮ್ಮ ಕಾಲದವು ಅಂದ್ರು."

"ನೀನೇನಂದೆ?"

"ಕೂತ್ಕೊಂಡೆ. ಮುಂದಿನ ಬೇಸಗೆಗೆ ನನ್ನ ವಿಭಾಗ ಮುಚ್ತಾರೆ ಮೇಷ್ಟ್ರೇ."

ತನ್ನನ್ನು ಸೋಲಿಸಿದವನಾದರೂ ಗೆದ್ದಿದ್ದಾನೆ ಎಂಬ ನಂಬಿಕೆಯೊಂದು ಅವರಲ್ಲಿ ಉಳಿದಿತ್ತು. ಆ ಸೂಪಿನ ಬಟ್ಟಲಿನ ಮುಂದೆ ಅದೂ ಹೋಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಊರಿನ ಕೊನೆಯ ತಿರುವಿನವರೆಗೂ ಕೈ ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದರಂತೆ.

ಊರಿನ ವಾಲ್ವ್ ಕಾರ್ಖಾನೆ ಅಕ್ಟೋಬರಿನಲ್ಲಿ ಮುಚ್ಚಿತು. ಗಾಳಿ ಹೀರುವ ಯಂತ್ರಗಳನ್ನು ಗುಜರಿಯವರು ಒಡೆದು ಲಾರಿಗೆ ತುಂಬಿದರು. ಯಾವ ಭಾಗ ತಾಮ್ರ, ಯಾವುದು ಕಬ್ಬಿಣ ಎಂದು ಹೇಳಲು ಅವರಿಗೊಬ್ಬ ತಿಳಿದವನು ಬೇಕಿತ್ತು; ಕಂಪನಿ ಮೇಷ್ಟ್ರನ್ನೇ ನಿಲ್ಲಿಸಿತು. ಅವರು ಬೆರಳು ತೋರಿಸಿದ ಕಡೆಯೆಲ್ಲ ಸುತ್ತಿಗೆ ಬಿತ್ತು.

ಆ ಚಳಿಗಾಲ ಫಿಲೊಮೆನಾ ಮನೆಗೆ ಬಂದಳು. ಹಿಮದ ಬೂಟನ್ನು ಬಾಗಿಲಲ್ಲೇ ಬಿಟ್ಟು, ಕೋಟು ಬಿಚ್ಚದೆ ಅಡುಗೆಮನೆಯ ಕುರ್ಚಿಯ ಅಂಚಿನಲ್ಲಿ ಕೂತಳು. ಆಸುಂತಾ ಆಗಲೇ ಈರಿ ಪಟ್ಟಣಕ್ಕೆ ಹೋಗಿದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವ ನೆಲಮಾಳಿಗೆಯಲ್ಲಿ ಕೆಲಸ. ತಂತಿ ಸುತ್ತಿ ಪಳಗಿದ ಬೆರಳುಗಳು ಒಗೆಯುವ ಸೋಡಾದ ನೀರಿಗೆ ಬಿರಿಯುತ್ತಿದ್ದವು.

"ಕಾಫಿ ಕುಡೀತೀಯಾ?" ಎಂದಳು ಅರ್ಲೀನ್.

"ಬೇಡಮ್ಮ. ನಾನು ಬೈಯೋಕೆ ಬಂದಿಲ್ಲ ಮೇಷ್ಟ್ರೇ. ಒಂದೇ ಒಂದು ಕೇಳ್ಬೇಕು. ಆವತ್ತು ಅಂಚೆ ಕಚೇರಿ ಮುಂದೆ ಹೇಳಿದ್ರಲ್ಲ, ಆಗ ನಿಮಗೆ ಗೊತ್ತಿತ್ತಾ?"

"ಗೊತ್ತಿದೆ ಅಂದ್ಕೊಂಡಿದ್ದೆ ಫಿಲೊಮೆನಾ."

ಅವಳು ಮೇಜಿನ ಹಾಸಿನ ಮೇಲೆ ಬೆರಳಾಡಿಸಿದಳು. "ಗೊತ್ತಿದ್ದೂ ಸುಳ್ಳು ಹೇಳಿದ್ದೆ ಅಂದಿದ್ರೆ ಚೆನ್ನಾಗಿತ್ತು. ಉಗಿದು ಹಗುರಾಗ್ತಿದ್ದೆ. ಈಗ ಯಾರಿಗೆ ಉಗೀಲಿ? ನಿಮ್ಮನ್ನ ನಂಬಿದ್ದು ನಾನು. ನರ್ಸ್ ಆಗ್ತೀನಿ ಅಂದೋಳ ಬಾಯಿ ಮುಚ್ಚಿಸಿದ್ದೂ ನಾನು. ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ."

ಫಿಲೊಮೆನಾ ಎದ್ದು ಬೂಟು ಹಾಕಿಕೊಂಡು ಹೋದಳು. ಬೇಸಗೆಯ ಹೊತ್ತಿಗೆ ಅವಳ ಮನೆಯನ್ನು ಪಿಟ್ಸ್‌ಬರ್ಗಿನ ಯಾರೋ ಜಿಂಕೆ ಬೇಟೆಗೆ ಬರುವವರು ಕೊಂಡುಕೊಂಡರು. ವರ್ಷಕ್ಕೆ ಎರಡು ವಾರ ಬಿಟ್ಟರೆ ಅದರ ಚಿಮಣಿಯಲ್ಲಿ ಹೊಗೆ ಇರುತ್ತಿರಲಿಲ್ಲ. ಅಂಥ ಮನೆಗಳು ಆ ಬೀದಿಯಲ್ಲಿ ಹೆಚ್ಚುತ್ತ ಹೋದವು.

ಅಲ್ಲಿಂದಾಚೆಗೆ ಮೇಷ್ಟ್ರು ಯಾವುದರ ಬಗ್ಗೆಯೂ ಅಭಿಪ್ರಾಯ ಹೇಳುವುದನ್ನು ಬಿಟ್ಟರು. ಹಟದಿಂದಲ್ಲ; ಹುಡುಕಿದರೂ ಒಳಗೆ ಸಿಗುತ್ತಿರಲಿಲ್ಲ. ಪಕ್ಕದ ಕಣಿವೆಯಲ್ಲಿ ಲೋಹದ ಪುಡಿ ಒತ್ತಿ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ತಪಾಸಣೆಯ ಕೆಲಸ ಸಿಕ್ಕಿತು. ಅಲ್ಲಿನ ಮೇಸ್ತ್ರಿ ಎರಡು ತುಂಡು ಹಿಡಿದು, "ಯಾವುದು ವಾಸಿ ಅಂತೀರಿ?" ಎಂದರೆ, "ನಿಮ್ಮ ನಿಯಮ ಏನು ಹೇಳುತ್ತೋ ಅದು" ಅನ್ನುತ್ತಿದ್ದರು. ನಾಳೆ ಹಿಮ ಬೀಳುತ್ತಾ ಎಂದು ಕೇಳಿದ ನೆರೆಯವನಿಗೆ, ಆಕಾಶ ನೆಲಕ್ಕಿಳಿದು ಕಪ್ಪಾಗಿದ್ದರೂ, "ಹೇಳೋಕಾಗಲ್ಲ" ಅಂದರು.

ಅರ್ಲೀನಳಿಗೆ ಅದು ಸಹಿಸಲಾಗುತ್ತಿರಲಿಲ್ಲ. "ಸಾರಿಗೆ ಉಪ್ಪು ಸರಿಯಾಗಿದೆಯಾ?"

"ನಿನಗೆ ಹ್ಯಾಗನ್ಸುತ್ತೆ?"

"ನಾಲಿಗೆ ನಿನ್ನದಲ್ವಾ ಎಲ್ವುಡ್?"

ಅವರು ಇನ್ನೊಂದು ಚಮಚ ಬಾಯಿಗಿಟ್ಟು, ಯೋಚಿಸಿ, ತಲೆಯಾಡಿಸುತ್ತಿದ್ದರು. ಹೌದು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ.

ಅರುವತ್ತನಾಲ್ಕರಲ್ಲಿ ಎದೆನೋವು ಬಂತು. ಡಾಕ್ಟರು ಎರಡು ದಾರಿ ಮುಂದಿಟ್ಟರು. ದೊಡ್ಡ ಪಟ್ಟಣಗಳಲ್ಲಿ ಕಾಲಿನ ರಕ್ತನಾಳ ತೆಗೆದು ಹೃದಯಕ್ಕೆ ಹೊಲಿಯುವ ಹೊಸ ಆಪರೇಷನ್ ಶುರುವಾಗಿದೆ, ಬದುಕಿದವರಿದ್ದಾರೆ, ಸತ್ತವರೂ ಇದ್ದಾರೆ. ಇಲ್ಲವೆಂದರೆ ಹಳೆಯ ಮಾತ್ರೆ, ವಿಶ್ರಾಂತಿ.

"ನೀವೇ ಹೇಳಿ ಡಾಕ್ಟ್ರೇ."

"ಜೀವ ನಿಮ್ಮದು, ನೀವೇ ಹೇಳ್ಬೇಕು."

"ನನ್ನ ಅಂದಾಜು ಕೆಟ್ಟು ಬಹಳ ದಿನ ಆಯ್ತು. ಇವಳನ್ನ ಕೇಳಿ."

ಅರ್ಲೀನ್ ಗಂಡನ ಮುಖ ನೋಡಿದಳು. ಅಲ್ಲಿ ಸಹಾಯ ಇರಲಿಲ್ಲ. ಅವಳು ಹೈಸ್ಕೂಲು ದಾಟಿದವಳಲ್ಲ. ಹೊಸದು ಅಂದರೆ ಅವಳಿಗೂ ಭಯ. ಮಾತ್ರೆ ಸಾಕು ಅಂದಳು.

ಮೇಷ್ಟ್ರು ಮಾರ್ಚಿನಲ್ಲಿ, ಹೊಳೆಯ ಮಂಜುಗಡ್ಡೆ ಒಡೆಯುವ ಮುಂಚೆ, ತೀರಿಕೊಂಡರು. ನೆಲ ಅಗೆಯಲಾಗದಷ್ಟು ಗಟ್ಟಿಯಾಗಿತ್ತು. ಹೂಳುವುದನ್ನು ವಸಂತಕ್ಕೆ ಮುಂದೂಡಿದರು. ಚರ್ಚಿನ ನೆಲಮಾಳಿಗೆಯಲ್ಲಿ ಬಂದವರಿಗೆ ಹ್ಯಾಮ್, ಆಲೂಗಡ್ಡೆ ಬಡಿಸಿದರು. ಬಂದವರು ಹೆಚ್ಚಿರಲಿಲ್ಲ, ಊರಲ್ಲಿ ಉಳಿದವರೇ ಕಡಿಮೆ.

ಅದಾದ ಎರಡು ವರ್ಷಕ್ಕೆ ಪಕ್ಕದ ಊರಿನ ಒಬ್ಬ ರೈತ, ಮೇಷ್ಟ್ರಿಗಿಂತ ದೊಡ್ಡ ವಯಸ್ಸಿನವನು, ಅದೇ ಆಪರೇಷನ್ ಮಾಡಿಸಿಕೊಂಡು ಬಂದು ಟ್ರ್ಯಾಕ್ಟರ್ ಹತ್ತಿದ. ಅರ್ಲೀನ್ ಅವನನ್ನು ದಿನಸಿ ಅಂಗಡಿಯಲ್ಲಿ ಕಂಡಳು. ಅವನು ಅಂಗಿಯ ಗುಂಡಿ ಬಿಚ್ಚಿ ಹೊಲಿಗೆಯ ಗುರುತು ತೋರಿಸಿದ, ಸಂತೋಷದಿಂದ, ಯಾವ ಕೆಡುಕೂ ಇಲ್ಲದೆ.

"ಡಾಕ್ಟ್ರು ಮೇಷ್ಟ್ರಿಗೂ ಇದನ್ನೇ ಹೇಳಿದ್ರಂತಲ್ಲ?" ಅಂದ.

"ಹೇಳಿದ್ರು" ಅಂದಳು ಅರ್ಲೀನ್. ಬುಟ್ಟಿಯಲ್ಲಿದ್ದ ಬ್ರೆಡ್ಡು, ಮೊಟ್ಟೆಗಳನ್ನು ಒಂದೊಂದಾಗಿ ಅವುಗಳ ಜಾಗಕ್ಕೆ ಹಿಂತಿರುಗಿಸಿ, ಏನನ್ನೂ ಕೊಳ್ಳದೆ ಮನೆಗೆ ನಡೆದಳು.